ಮೂವತ್ತೆಂಟನೆಯ ಚೌಕ

"ಆ ಬಾಗಿಲು ತೆಗೀಬೇಡಿ, ಅಂಬುಜಾ!"

ಸಕ್ಕರೆ ಡಬ್ಬಿಗೆಂದು ಒಲೆಯ ಪಕ್ಕದ ಕಪಾಟಿಗೆ ಕೈಹಾಕಿದ್ದ ಅಂಬುಜಾ ಹಾಗೇ ನಿಂತರು. ಬಾಗಿಲು ಎರಡು ಬೆರಳಿನಷ್ಟು ತೆರೆದು ಕಿರ್ರೆಂದಿತ್ತು. ಪ್ರಫುಲ್ಲಾ ಬಂದು ಅಂಗೈಯಿಂದ ಒತ್ತಿ ಅದನ್ನು ಮುಚ್ಚಿದಳು.

"ಸಕ್ಕರೆ ಬೇಕಿತ್ತು ರೀ. ಹೊರಗೆ ಹದಿನೈದು ಜನ ಕೂತಿದ್ದಾರೆ."

"ಪ್ರೇಕ್ಷಾ ಅಂಗಡಿಯಿಂದ ತಂದಿದ್ದಾಳೆ. ಅಗೋ, ಕಿಟಕಿ ಹತ್ರ ಪ್ಯಾಕೆಟ್ ಉಂಟಲ್ಲ."

ಸಾವಾದ ಹನ್ನೊಂದು ದಿನಗಳಲ್ಲಿ ಲಂಡನ್ನಿನ ಕಿಂಗ್ಸ್‌ಬರಿಯ ಆ ಮನೆಗೆ ಮಗಳು ತಂದ ಮೂರನೆಯ ಪ್ಯಾಕೆಟ್ಟು ಅದು. ಸಕ್ಕರೆ, ಚಹಾಪುಡಿ, ಏಲಕ್ಕಿ ಎಲ್ಲವೂ ಕಪಾಟಿನೊಳಗೇ ಇದ್ದವು. ಪಕ್ಕದ ಮನೆಯ ಅಂಬುಜಾ ಬೆಂಗಳೂರಿನವರು, ತಿಳಿವಳಿಕೆಯ ಹೆಂಗಸು. ಗಂಡನನ್ನು ಕಳೆದುಕೊಂಡವಳು ಒಂದು ಬಾಗಿಲು ಮುಚ್ಚಿಟ್ಟುಕೊಂಡರೆ ಯಾಕೆಂದು ಕೇಳಬಾರದು ಎಂದು ಸುಮ್ಮನಾದರು. ದುಃಖಕ್ಕೆ ಹೀಗೆ ಮಾಡುತ್ತಾಳೆ ಎಂದುಕೊಂಡರು.

ಪ್ರಫುಲ್ಲಾಳಿಗೆ ಇದ್ದದ್ದು ಹೆದರಿಕೆ. ಆ ಬಾಗಿಲಿನ ಒಳಮೈಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಗಂಡ ದೇಜಪ್ಪ ಅದರ ಚೌಕಗಳಲ್ಲಿ ದಿನಕ್ಕೊಂದು ಅಂಕಿ ಬರೆಯುತ್ತಿದ್ದ. ಸಾಯುವ ಹಿಂದಿನ ಸಂಜೆ ಅವನು ಯಾವ ಅಂಕಿ ಬರೆದ ಎಂದು ಅವಳು ನೋಡಿರಲಿಲ್ಲ. ಮೂವತ್ತೆಂಟೋ ಒಂದೋ. ಒಂದು ಎಂದಿದ್ದರೆ ಅದನ್ನು ಬರೆಸಿದವಳು ತಾನೇ.

ಹೊರಗೆ ಹಾಲ್‌ನಲ್ಲಿ ಪಾಂಡುರಂಗ ಮಾತಾಡುತ್ತಿದ್ದ. ಕುಂದಾಪುರದ ಕಡೆಯವನು, ರೇನರ್ಸ್ ಲೇನ್‌ನಲ್ಲಿ ಹೋಟೆಲು ಇಟ್ಟವನು. ಲಂಡನ್ನಿಗೆ ಬಂದ ಹೊಸದರಲ್ಲಿ ದೇಜಪ್ಪ ಅಡುಗೆಗೆ ನಿಂತದ್ದು ಅವನ ಬಳಿಯೇ.

"ನನ್ನ ಕಿಚನ್ನಿನ ಗೋಡೆಯಲ್ಲಿ ಇವತ್ತಿಗೂ ಒಂದು ಗುಳಿ ಉಂಟು ಮಾರಾಯ್ರೆ. ಸಾಂಬಾರಿನ ಸೌಟು ಬಿದ್ದದ್ದು. ನನ್ನ ಕಿವಿಯಿಂದ ನಾಲ್ಕೇ ಇಂಚು. ಎಂತಕ್ಕೆ? ಉಪ್ಪು ಸ್ವಲ್ಪ ಕಡಿಮೆ ಅಂತ ಹೇಳಿದ್ದಕ್ಕೆ!"

"ನಿಜವಾಗ್ಲೂ ಕಡಿಮೆ ಇತ್ತಾ?" ಯಾರೋ ಕೇಳಿದರು.

"ಇತ್ತಲ್ಲ! ಇಲ್ಲದಿದ್ದರೆ ಅಷ್ಟು ಸಿಟ್ಟು ಬರ್ತಿತ್ತಾ ಅವನಿಗೆ?"

ಸಾವಿನ ಮನೆಯೆಂಬುದನ್ನು ಮರೆತು ಜನ ನಕ್ಕರು. ಪಾಂಡುರಂಗನ ದನಿ ಇಳಿಯಿತು.

"ಅವತ್ತೇ ಕೆಲಸ ಬಿಟ್ಟು ಹೋದವನು, ನಾಲ್ಕು ವರ್ಷ ಬಿಟ್ಟು ಒಂದು ಶುಕ್ರವಾರ ಬಂದ. ಕೈಯಲ್ಲಿ ಜಡೆಯ ಹಾಗೆ ಹೆಣೆದ ಬ್ರೆಡ್ಡು. 'ಪಾಂಡು, ನಮ್ಮ ಬೇಕರಿಯಲ್ಲಿ ಈಗ ತಗ್ಗುವ ವಾರ. ಉಪ್ಪು ಕಡಿಮೆಯೇ ಇತ್ತು' ಅಂದ. ಅಷ್ಟೇ. ಚಹಾ ಕುಡಿದು ಹೋದ. ತಗ್ಗುವ ವಾರ ಅಂದ್ರೆ ಎಂತದು ಅಂತ ನನಗೆ ಗೊತ್ತಾಗ್ಲಿಲ್ಲ. ಆದರೆ ಆ ಗುಳಿಗೆ ಸಿಮೆಂಟು ಹಾಕಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ ನೋಡಿ."

ಪ್ರಫುಲ್ಲಾ ಅಡುಗೆಮನೆಯಲ್ಲಿ ನಿಂತೇ ಕೇಳಿಸಿಕೊಂಡಳು. ತಗ್ಗುವ ವಾರ ಎಂದರೆ ಏನೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ.

*

ಸೌಟು ಎಸೆದ ಮರುವಾರ ದೇಜಪ್ಪನಿಗೆ ಹೆಂಡನ್ ಬಡಾವಣೆಯ ಒಂದು ಯೆಹೂದಿ ಬೇಕರಿಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಬೆಳಗ್ಗೆ ಐದಕ್ಕೆ ಹೋಗಿ, ಹಿಟ್ಟು ನಾದಿ, ಒಲೆ ಹಚ್ಚಲು ಕೈ ಚಾಚಿದ. ಮುದುಕ ಮಾಲೀಕ ಝೆಲಿಗ್ ಓಡಿಬಂದು ತಡೆದ. ಬೆಂಕಿ ಹಚ್ಚುವುದು ನಾನೇ ಆಗಬೇಕು, ನಮ್ಮವರಲ್ಲದವರು ಹಚ್ಚಿದರೆ ನಮ್ಮ ಜನ ಆ ರೊಟ್ಟಿ ತಿನ್ನುವುದಿಲ್ಲ ಎಂದ.

ದೇಜಪ್ಪ ಏಪ್ರನ್ ಬಿಚ್ಚಿಟ್ಟು ಹೊರನಡೆದ.

ಹನ್ನೊಂದು ವರ್ಷದವನಿದ್ದಾಗ ಅವನು ಉಡುಪಿಯ ಒಂದು ಹೋಟೆಲಿನಲ್ಲಿ ಸೌದೆ ಒಡೆಯುತ್ತಿದ್ದ. ಸೌದೆಯನ್ನು ಅಡುಗೆಮನೆಯ ಹೊಸ್ತಿಲವರೆಗೆ ಒಯ್ಯಬಹುದಿತ್ತು. ಹೊಸ್ತಿಲು ದಾಟಿ ಒಲೆಗಿಡುವಂತಿರಲಿಲ್ಲ. ಜಾತಿ ಅಡ್ಡ ಬರುತ್ತಿತ್ತು. ಅಲ್ಲಿಂದ ಏಳು ಸಮುದ್ರ ದಾಟಿ ಬಂದರೆ ಇಲ್ಲಿಯೂ ಅದೇ ಹೊಸ್ತಿಲು.

ಝೆಲಿಗ್ ಹಿಟ್ಟಿನ ಕೈಯಲ್ಲೇ ಬಸ್ ಸ್ಟಾಪಿನವರೆಗೆ ಹಿಂದೆ ಬಂದ. ದೇಜಪ್ಪ ತನಗೆ ಬರುತ್ತಿದ್ದ ಹರಕು ಇಂಗ್ಲಿಷಿನಲ್ಲಿ ಸೌದೆಯ ಕತೆ ಹೇಳಿ ಬೈದ. ಮುದುಕ ಪೂರ್ತಿ ಕೇಳಿದ. ಎರಡು ಬಸ್ಸು ಬಂದು ಹೋದವು. ಕೊನೆಗೆ ಅಂದ, "ನಿಯಮ ನನ್ನ ಕೈಯಲ್ಲಿಲ್ಲ. ಆದರೆ ಒಲೆ ಯಾವಾಗ ಹಚ್ಚಬೇಕು ಎಂಬುದು ಹಿಟ್ಟು ಬಲ್ಲವನಿಗೇ ಗೊತ್ತು. ಬೆಂಕಿ ನನ್ನದಾಗಲಿ, ಹೊತ್ತು ನಿನ್ನದು. ನೀನು ಹೂಂ ಅನ್ನದೆ ನಾನು ಹಚ್ಚುವುದಿಲ್ಲ."

ಅಂದಿನಿಂದ ಇಪ್ಪತ್ತೆರಡು ವರ್ಷ ಅದೇ ನಡೆಯಿತು. ಮುದುಕ ಒಲೆಯ ಮುಂದೆ ಕಾಯುತ್ತಿದ್ದ. ದೇಜಪ್ಪ ಹಿಟ್ಟಿನ ಮೇಲೆ ಬೆರಳೊತ್ತಿ ನೋಡಿ "ಹೂಂ" ಅನ್ನುತ್ತಿದ್ದ. ಎರಡನೆಯ ತಿಂಗಳಿಗೆ ಅವನ ಬಾಯಲ್ಲಿ ಮುದುಕ ಝೆಲಿಗಣ್ಣ ಆಗಿದ್ದ.

ಎಣಿಕೆ ಶುರುವಾದದ್ದು ಮುಂದಿನ ವಸಂತದಲ್ಲಿ. ಅವರ ದೊಡ್ಡ ಹಬ್ಬ ಕಳೆದ ಮೇಲೆ ಇನ್ನೊಂದು ಹಬ್ಬದವರೆಗೆ ನಲವತ್ತೊಂಬತ್ತು ದಿನ. ದಿನವೂ ಹೊತ್ತು ಮುಳುಗಿದ ಮೇಲೆ ಒಂದು ಮಂತ್ರ ಹೇಳಿ ಆ ದಿನದ ಅಂಕಿ ಹೇಳಬೇಕು. ಅವರ ಹಿರಿಯರ ಒಳವಿದ್ಯೆಯೊಂದಿದೆ, ಕಬಾಲಾ ಎಂದು. ಅದರ ಪ್ರಕಾರ ಏಳು ವಾರಕ್ಕೆ ಏಳು ಗುಣ: ಪ್ರೀತಿ, ಬಿಗಿ, ಹದ, ತಾಳ್ಮೆ, ತಗ್ಗುವುದು, ಬೆಸುಗೆ, ಕೊನೆಗೆ ಒಡೆತನ. ಒಂದೊಂದು ಗುಣದೊಳಗೂ ಮತ್ತೆ ಆ ಏಳು, ದಿನಕ್ಕೊಂದರಂತೆ. ಮನುಷ್ಯ ತನ್ನನ್ನು ಒಂದೇ ಏಟಿಗೆ ತಿದ್ದಿಕೊಳ್ಳಲಾರ, ದಿನಕ್ಕೊಂದು ಮೂಲೆ ಗುಡಿಸಬಹುದು ಎಂದಿದ್ದ ಝೆಲಿಗ್.

"ಪ್ರೀತಿಯ ಒಳಗೆ ಬಿಗಿ ಅಂದ್ರೆ ಎಂತದು?" ಎಂದು ಪ್ರಫುಲ್ಲಾ ಕೇಳಿದ್ದಳು.

"ಹಿಟ್ಟಿಗೆ ಉಪ್ಪು ಹಾಕುದು ರುಚಿಗೆ ಮಾತ್ರವಾ? ಇಲ್ಲದಿದ್ದರೆ ಯೀಸ್ಟು ಹುಚ್ಚು ಹಿಡಿದ ಹಾಗೆ ಉಬ್ಬಿಸಿ ಕೆಡಿಸ್ತದೆ. ನೀನು ಪ್ರೇಕ್ಷಾಳಿಗೆ ಕೇಳಿದ್ದೆಲ್ಲ ಕೊಡಿಸ್ತಿಯಲ್ಲ, ಹಾಗೆ."

"ಮತ್ತೆ ಬಿಗಿಯ ಒಳಗೆ ಪ್ರೀತಿ?"

ಅವನು ಕೈಗಂಟಿದ ಹಿಟ್ಟನ್ನು ಉಜ್ಜಿಕೊಂಡ. "ಅದು ನಾನು ಕಲೀಬೇಕಷ್ಟೆ," ಅಂದ.

ನೀನು ನಮ್ಮ ಮಂತ್ರ ಹೇಳಬೇಕಿಲ್ಲ, ಗುಡಿಸುವ ಕೆಲಸಕ್ಕೆ ಯಾರೂ ಆಗಬಹುದು ಎಂದು ಮುದುಕ ಹೇಳಿದ್ದ. ಎಣಿಕೆ ನಡುವೆ ಮುರಿಯಬಾರದು ಎಂದೂ ಹೇಳಿದ್ದ. ಯಾವುದರಿಂದ ಮುರಿಯುತ್ತದೆ ಎಂದು ದೇಜಪ್ಪ ಕೇಳಲಿಲ್ಲ. ಊರಿನ ವ್ರತಗಳನ್ನು ನೋಡಿ ಬೆಳೆದವನಿಗೆ ಕೇಳುವ ಅಗತ್ಯ ಕಾಣಲಿಲ್ಲ. ಉಪವಾಸದ ದಿನ ಬಾಯಿಗೆ ಅನ್ನ ಹೋದರೆ ವ್ರತ ಕೆಟ್ಟಂತೆ. ಹಾಗೆಯೇ, ಸಿಟ್ಟಿನಿಂದ ಕೂಗಾಡಿದ ದಿನ ಎಣಿಕೆ ಕೆಟ್ಟಿತು. ಆ ಸಂಜೆ ಮತ್ತೆ ಒಂದರಿಂದ ಶುರು. ಮೊದಲ ವರ್ಷದ ಕ್ಯಾಲೆಂಡರಿನಲ್ಲಿ ಬರಿಯ ಒಂದು, ಒಂದು, ಎರಡು, ಒಂದು. ಆರನೆಯ ವರ್ಷ ಹನ್ನೊಂದು ಮುಟ್ಟಿದ. ಹದಿನೈದನೆಯ ವರ್ಷ ಇಪ್ಪತ್ತಮೂರು. ಮನೆಯಲ್ಲಿ ತಟ್ಟೆ ಎಸೆಯುವುದು ನಿಂತಿತು, ಆಮೇಲೆ ಬಾಗಿಲು ಬಡಿಯುವುದು ನಿಂತಿತು, ಆಮೇಲೆ ವ್ಯಂಗ್ಯ. ಯಾವುದು ಎಂದು ನಿಂತಿತೆಂದು ಯಾರಿಗೂ ತಿಳಿಯಲಿಲ್ಲ. ಒಂದು ದಿನ ನೋಡಿದರೆ ಇರಲಿಲ್ಲ.

ಈ ವರ್ಷ ಮೂವತ್ತೇಳು ಮುಟ್ಟಿದ್ದ.

*

ಆ ಮಧ್ಯಾಹ್ನ, ಹನ್ನೊಂದು ದಿನ ಕಾದು ಸರದಿ ಸಿಕ್ಕಿದ್ದ ಚಿತಾಗಾರದ ಅಂಗಳದಲ್ಲಿ ಪಾಂಡುರಂಗ ಪ್ರಫುಲ್ಲಾಳ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ, "ಅಕ್ಕಾ, ನಿಮ್ಮ ಬೇಕರಿಯ ಸಾಹೇಬ್ರು ಆ ಮರದ ಬುಡದಲ್ಲಿ ನಿಂತಿದ್ದಾರೆ. ಕರೆದರೂ ಒಳಗೆ ಬರುದಿಲ್ಲ. ಇಪ್ಪತ್ತೆರಡು ವರ್ಷ ದುಡಿಸಿಕೊಂಡದ್ದಲ್ವಾ?"

"ಅವರದ್ದು ಅರ್ಚಕರ ವಂಶ, ಪಾಂಡು. ಹೆಣ ಇರುವ ಮಾಡಿನಡಿಗೆ ಬರುವ ಹಾಗಿಲ್ಲ. ನಿಮ್ಮ ದೇವಸ್ಥಾನದ ಭಟ್ರು ಬರ್ತಾರಾ?"

ಪಾಂಡುರಂಗ ತಲೆ ಕೆರೆದುಕೊಂಡ. "ಹೌದು, ಅದೂ ಒಂದು ಉಂಟು."

ಒಳಗೆ ಶ್ಲೋಕ ಮುಗಿಯಿತು. ಇಲ್ಲಿ ಕೊಳ್ಳಿಯಿಲ್ಲ, ಗೋಡೆಯಲ್ಲಿ ಒತ್ತುವ ಒಂದು ಗುಂಡಿ. ಮಗಳು ಪ್ರೇಕ್ಷಾ ಅದರ ಮೇಲೆ ಬೆರಳಿಟ್ಟು ಹಿಂದಕ್ಕೆ ತಿರುಗಿದಳು.

"ಅಮ್ಮಾ, ನೌ?"

ಪ್ರಫುಲ್ಲಾ ಹೂವಿನಡಿಯ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ "ಹೂಂ" ಅಂದಳು.

ಅದಾದ ಮೇಲೆ ಅವಳು ಯಾರಿಗೂ ಹೇಳದೆ ಹೊರಗೆ ಮರದ ಬಳಿಗೆ ಹೋದಳು. ಝೆಲಿಗ್ ಕಪ್ಪು ಕೋಟು ಹಾಕಿದ್ದ. ತೋಳಿನ ಮಡಿಕೆಯಲ್ಲಿ ಹಿಟ್ಟು ಉಳಿದಿತ್ತು. ವಯಸ್ಸು ಎಂಬತ್ತನಾಲ್ಕು. ಅವಳಿಗಾಗಿ ಇಂಗ್ಲಿಷನ್ನು ನಿಧಾನ ಮಾಡಿಕೊಂಡು ಮಾತಾಡಿದ.

"ಯಾರು ಹಚ್ಚಿದರು?"

"ಮಗಳು."

"ಹೊತ್ತು ಹೇಳಿದ್ದು?"

"ನಾನು."

ಅವನು ತಲೆದೂಗಿ, ಕರ್ಚೀಪಿನಲ್ಲಿ ಮೂಗು ಒರೆಸಿಕೊಂಡ. "ಇವತ್ತು ನಲವತ್ತೊಂಬತ್ತನೆಯ ದಿನ. ಹೊತ್ತು ಮುಳುಗಿದರೆ ನಮ್ಮ ಹಬ್ಬ. ಅಂಗಡಿಯ ಮುಂದೆ ಜನ ಸಾಲು ನಿಂತಿದ್ದಾರೆ. ಹಿಟ್ಟು ಹದವಾಯಿತೋ ಇಲ್ಲವೋ ಹೇಳುವವರಿಲ್ಲ."

ಆಗ ಪ್ರಫುಲ್ಲಾಳಿಗೆ ತಡೆಯಲಾಗಲಿಲ್ಲ. "ನಿಮ್ಮ ದೇಜಪ್ಪನ ಎಣಿಕೆ ನಾನು ಮುರಿದೆ," ಅಂದಳು.

ಆ ಸಂಜೆಯದನ್ನೆಲ್ಲ ಹೇಳಿದಳು. ಎದೆ ಹಿಡಿದಂತಾಗುತ್ತದೆ ಎಂದು ಜಿಪಿ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿದ್ದು ಅವಳು. ಹಬ್ಬದ ಕೆಲಸ ಉಂಟು ಎಂದು ಅದನ್ನು ರದ್ದು ಮಾಡಿದ್ದು ಅವನು. ಅವಳು ಬಿಡದೆ ಕೇಳಿದಳು. ಹತ್ತು ಸಲ ಕೇಳಿದ ಮೇಲೆ ಅವನು ಹಳೆಯ ದೇಜಪ್ಪನಂತೆ ಗುಡುಗಿ ತಟ್ಟೆ ತಳ್ಳಿದ. ಅನ್ನ ನೆಲಕ್ಕೆ ಬಿತ್ತು. ಅವಳೂ ಬಿಡಲಿಲ್ಲ. "ಇಷ್ಟು ವರ್ಷ ಎಣಿಸಿ ಸಿಕ್ಕಿದ್ದು ಇದೇ ಅಲ್ವಾ? ಹೋಗಿ, ಪುನಃ ಒಂದರಿಂದ ಬರೀರಿ!" ಅವನು ನೆಲದ ಅನ್ನ ಬಳಿದು ಅಡುಗೆಮನೆಗೆ ಹೋದ. ಕಪಾಟಿನ ಬಾಗಿಲು ಕಿರ್ರೆಂದದ್ದು ಅವಳಿಗೆ ಕೇಳಿಸಿತು. ಬೆಳಗ್ಗೆ ಬೇಕರಿಗೆ ಹೊರಟವನು ಬಸ್ ಸ್ಟಾಪಿನಲ್ಲಿ ಕುಸಿದ.

ಝೆಲಿಗ್ ಹುಬ್ಬು ಗಂಟಿಕ್ಕಿದ್ದ. "ಒಂದರಿಂದ ಎಂದರೇನು?"

ಅವಳು ವಿವರಿಸಿದಳು. ಮುದುಕ ಮರಕ್ಕೆ ಕೈಕೊಟ್ಟು ನಿಂತುಕೊಂಡ.

"ಸಿಟ್ಟು ಬಂದ ದಿನವೆಲ್ಲ ಒಂದರಿಂದ? ಇಪ್ಪತ್ತೆರಡು ವರ್ಷ? ಅಯ್ಯೋ ಮೂರ್ಖ! ಹಾಗಾದರೆ ನಾನು ಈ ವಯಸ್ಸಿನವರೆಗೆ ಮೂರು ದಾಟುತ್ತಿರಲಿಲ್ಲ. ಎಣಿಸುವುದನ್ನು ಮರೆತರೆ ಮಾತ್ರ ಮುರಿಯುವುದು. ಮರೆತವನೂ ಮುಂದೆ ಎಣಿಸಬಹುದು, ಮಂತ್ರ ಹೇಳುವಂತಿಲ್ಲ ಅಷ್ಟೆ; ಬಾಯಿ ಮುಚ್ಚಿಕೊಂಡು ಎಣಿಸಬೇಕು. ಬಿದ್ದ ದಿನವೂ ದಿನವೇ. ಅದನ್ನೂ ಎಣಿಸಬೇಕು."

"ಅದು ನಿಮ್ಮ ಲೆಕ್ಕ, ಅಣ್ಣ. ಅವರು ನಂಬಿದ್ದು ಅವರ ಲೆಕ್ಕ. ಒಂದು ಅಂತಲೇ ಬರೆದಿರ್ತಾರೆ. ಇಷ್ಟು ವರ್ಷ ಏರಿದ್ದು ಎಲ್ಲ ಹೋಯಿತು ಅಂದುಕೊಂಡೇ ಮಲಗಿರ್ತಾರೆ."

ಝೆಲಿಗ್ ಕೋಟಿನ ತೋಳಿನ ಹಿಟ್ಟು ಕೊಡವಿದ. ರಸ್ತೆಯಲ್ಲಿ ಅವನ ಮೊಮ್ಮಗ ಕಾರಿನ ಹಾರ್ನ್ ಒತ್ತುತ್ತಿದ್ದ.

"ಅವನೇನು ಬರೆದ ಎಂದು ನನಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ಹೊಸ ಹುಡುಗರು ಹುಳಿಯಾದ ಹಿಟ್ಟನ್ನು ತಿಪ್ಪೆಗೆ ಹಾಕಲು ಹೋದರೆ ಅವನು ಬಿಡುತ್ತಿರಲಿಲ್ಲ. ಕೆಟ್ಟದ್ದನ್ನು ನಾಳಿನ ಹಿಟ್ಟಿಗೆ ಸೇರಿಸಿ, ರುಚಿ ಬರುವುದೇ ಅದರಿಂದ ಎನ್ನುತ್ತಿದ್ದ. ನಾನು ಕಲಿಸಿದ್ದಲ್ಲ ಅದು." ಹೊರಡುವ ಮುನ್ನ ತಿರುಗಿ ನಿಂತ. "ನಿನ್ನೆ ಸಂಜೆ ಎಣಿಸದವರಿಗೂ ಇವತ್ತು ಹೊತ್ತು ಮುಳುಗುವವರೆಗೆ ಎಣಿಕೆಗೆ ಸಮಯವಿದೆ."

*

ಮನೆಗೆ ಬಂದು ಎಲ್ಲರೂ ಸ್ನಾನ ಮಾಡುವಷ್ಟರಲ್ಲಿ ಸಂಜೆ ಏಳೂವರೆ. ಮೇ ತಿಂಗಳ ಬಿಸಿಲು ಹಿತ್ತಲ ಬೇಲಿಯ ಮೇಲೆ ಇನ್ನೂ ಇತ್ತು. ಪ್ರಫುಲ್ಲಾ ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ಅಡುಗೆಮನೆಗೆ ಬಂದಳು. ಅಂಬುಜಾ ಒಲೆಯ ಮೇಲೆ ಗಂಜಿಯಿಟ್ಟಿದ್ದರು.

"ಸ್ವಲ್ಪ ಹೊತ್ತು ಹೊರಗೆ ಕೂತ್ಕೊಳ್ತೀರಾ, ಅಂಬುಜಾ?"

ಅವರು ಹೋದ ಮೇಲೆ ಅವಳು ಕಪಾಟಿನ ಹಿಡಿಯನ್ನು ಎಳೆದಳು. ಬಾಗಿಲು ಕಿರ್ರೆಂದಿತು. ಬೇಕರಿಯ ಡಬ್ಬ ಕಟ್ಟುವ ದಾರಕ್ಕೆ ನೇತುಹಾಕಿದ ತುಂಡು ಪೆನ್ಸಿಲು ಹಲಗೆಗೆ ತಾಗಿ ಟಿಕ್ ಟಿಕ್ ಎಂದಿತು.

ಅವನ ದೊಡ್ಡ, ಬಾಗಿದ ಕನ್ನಡ ಅಂಕಿಗಳು. ೩೫. ೩೬. ೩೭. ಆ ಕೊನೆಯ ಸಂಜೆಯ, ಶನಿವಾರದ ಚೌಕ ಕೊಳೆಯಾಗಿತ್ತು. ಅವಳು ಕನ್ನಡಕ ಹಾಕಿಕೊಂಡು ಮುಖವನ್ನು ಹತ್ತಿರ ತಂದಳು.

ಅಲ್ಲಿ ಒಂದು ೧ ಇತ್ತು. ಪೆನ್ಸಿಲಿನ ಮೊನೆ ಕಾಗದ ಹರಿಯುವಷ್ಟು ಒತ್ತಿ ಬರೆದದ್ದು. ಅದರ ಮೇಲೆ ಅಡ್ಡಕ್ಕೆ ಒಂದು ನೇರ ಗೆರೆ. ಪಕ್ಕದಲ್ಲಿ, ಉಳಿದಿದ್ದ ಇಕ್ಕಟ್ಟಿನ ಜಾಗದಲ್ಲಿ, ಎಂದಿನ ಹಗುರ ಕೈಯಲ್ಲಿ, ೩೮.

ಒಂದು ಅನ್ನದ ಅಗುಳು ಒಣಗಿ ಚೌಕದ ಅಂಚಿಗೆ ಅಂಟಿಕೊಂಡಿತ್ತು. ಅವಳು ಅದನ್ನು ಉಗುರಿನಿಂದ ಮುಟ್ಟಿದಳು, ಕೀಳಲಿಲ್ಲ.

ಹಾಲ್‌ನಿಂದ ಪ್ರೇಕ್ಷಾ ಕೂಗಿದಳು, "ಅಮ್ಮಾ, ಆರ್ ಯು ಓಕೆ?"

ಪ್ರಫುಲ್ಲಾ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡೇ ಪೆನ್ಸಿಲು ಹಿಡಿದು, ಖಾಲಿ ಚೌಕಗಳನ್ನೆಲ್ಲ ದಾಟಿ, ಕೊನೆಯದರಲ್ಲಿ ೪೯ ಬರೆದಳು. ಬರೆದು ಹಿತ್ತಲಿನತ್ತ ನೋಡಿದಳು. ಬೇಲಿಯ ತುದಿಯಲ್ಲಿ ಬಿಸಿಲು ಒಂದು ಗೇಣು ಉಳಿದಿತ್ತು.

ಆಮೇಲೆ ಸಕ್ಕರೆ ಡಬ್ಬಿ ಕೆಳಗಿಳಿಸಿ, ಮಗಳನ್ನು ಚಹಾಕ್ಕೆ ಕರೆದಳು. ತೆರೆದಿಟ್ಟ ಬಾಗಿಲಿನಲ್ಲಿ ಪೆನ್ಸಿಲು ದಾರದಲ್ಲಿ ಇನ್ನೂ ತೂಗಾಡುತ್ತಿತ್ತು.