ಪಿನ್ನು ಚುಚ್ಚಿದ ಚಪ್ಪಲಿ

ಪರದೆ ನೆಲಕ್ಕೆ ತಾಗುವುದಿಲ್ಲ, ಕೆಳಗೆ ಒಂದು ಗೇಣು ಬಿಟ್ಟು ನಿಂತಿದೆ, ಹೊಲಿದವನು ಅಳತೆ ತಪ್ಪಿದನೋ ಬಟ್ಟೆ ಕದ್ದನೋ, ಆ ಗೇಣಿನಲ್ಲಿ ಟೀ ಅಂಗಡಿ ಅಕ್ಕನ ಕಾಲು ಕಾಣುತ್ತಿದೆ, ನೀಲಿ ಚಪ್ಪಲಿ, ಕಿತ್ತ ಪಟ್ಟಿಗೆ ಪಿನ್ನು ಚುಚ್ಚಿದ್ದು, ಪಿನ್ನು ಇದೆ, ಅಕ್ಕ ಇದ್ದಾಳೆ — ಮಂಚದಿಂದ ತಲೆ ಇಳಿಬಿಟ್ಟು ಅದನ್ನೇ ನೋಡುತ್ತಿದ್ದರೆ ನರ್ಸು ಗಲ್ಲ ಹಿಡಿದು ತಿರುಗಿಸುತ್ತಾಳೆ, ನೆಟ್ಟಗೆ ಮಲಗಮ್ಮಾ, ನೆಲದ ಮೇಲೇನು ಸಿನಿಮಾ ತೋರಿಸ್ತಿದಾರಾ. ಡಾಕ್ಟರಮ್ಮ ಕೂಗುತ್ತಾಳೆ, ಇಲ್ಲಿ ನೋಯುತ್ತಾ, ಇಲ್ಲೀ — ಬುದ್ಧಿ ಕಡಿಮೆಯಾದವರಿಗೆ ಕಿವಿಯೂ ಕಡಿಮೆ ಅಂತ ಇವರಿಗೆಲ್ಲ ಯಾರು ಹೇಳಿಕೊಟ್ಟರೋ, ನರ್ಸಿಗೆ ಮಾತ್ರ ಮೆಲ್ಲಗೆ, ಪಾಪ, ಬೀದೀಲಿ ಮಲಗೋದಂತೆ, ಇದಕ್ಕೆ ಏನೂ ತಿಳಿಯಲ್ಲ, ಅದು ನನಗೆ ಚೆನ್ನಾಗಿ ಕೇಳಿಸುತ್ತದೆ. ಇಲ್ಲ, ನೋಯಲ್ಲ, ಎನ್ನುತ್ತೇನೆ. ನೋಯುತ್ತದೆ. ಎಡ ಮೊಲೆಯ ಪಕ್ಕ, ಮೊದಲು ಕಡಲೆಯಷ್ಟಿತ್ತು, ಈಗ ನಿಂಬೆಹಣ್ಣಿನಷ್ಟು, ನನ್ನ ಬಟ್ಟೆಬರೆಯ ಚೀಲವನ್ನು ಅದರ ಮೇಲೆ ಅವುಚಿಕೊಂಡು ಮಲಗುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ, ನಿನ್ನೆ ಅಂಗಡಿಯ ಹಿಂದೆ ಬಕೆಟ್ಟಿಟ್ಟು ಸ್ನಾನ ಮಾಡಿಸುವಾಗ ಅಕ್ಕನ ಕೈಗೆ ಸಿಕ್ಕಿಬಿಟ್ಟಿತು, ಸೋಪು ಅಲ್ಲೇ ನಿಂತಿತು, ಏನೇ ಮಹಾರಾಣಿ ಇದು, ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ — ಹೇಳಿದರೆ ಆಸ್ಪತ್ರೆ ಅಕ್ಕಾ, ಆಸ್ಪತ್ರೆ ಅಂದರೆ ಪರದೆ. ಆವತ್ತೂ ಪರದೆ ಇತ್ತು, ಹೊಟ್ಟೆನೋವು ಅಂದಿದ್ದೆ, ನಾನೇ ಅಂದಿದ್ದೆ, ಅತ್ತಿಗೆ ಕರೆತಂದಳು, ಕೆಂಪು ಚಪ್ಪಲಿ, ಉಗುರಿಗೆ ಬಣ್ಣ, ನೀನು ತೋರಿಸ್ಕೋ, ಈಗ ಬಂದೆ ಅಂದಳು, ತಲೆ ಕೂಡ ಸವರಿದಳು, ಅದುವರೆಗೆ ಒಮ್ಮೆಯೂ ಸವರಿದವಳಲ್ಲ, ಆಗಲೇ ನನಗೆ ತಿಳಿಯಬೇಕಿತ್ತು — ಸೂಜಿ ಚುಚ್ಚಿದರು, ತಿರುಗಿ ನೋಡಿದೆ, ನೆಲ ಇತ್ತು. ಬರೀ ನೆಲ. ಬೆಂಚಿನ ಮೇಲೆ ಕೂತೇ ಇದ್ದೆ, ಕಸ ಗುಡಿಸುವವಳು ಕಾಲೆತ್ತಮ್ಮಾ ಅಂದಾಗೆಲ್ಲ ಕಾಲೆತ್ತುತ್ತಾ, ಹೋಗಿಬರುವವರ ಕಾಲುಗಳಲ್ಲಿ ಕೆಂಪು ಹುಡುಕುತ್ತಾ, ಕೊನೆಗೆ ಕಾವಲಿನವನು ಏಳು ಏಳು, ಇದೇನು ನಿಮ್ಮಪ್ಪನ ಮನೆಯಾ ಅಂದ, ಅಲ್ಲ ಅಂದೆ, ನಿಜವನ್ನೇ ಅಂದೆ.

ಈಗ ಹೊರಗಿನಿಂದ ಯಾರೋ, ಈ ಹೆಂಗಸಿನ ಕಡೆಯವರು ಯಾರ್ರೀ, ಕೌಂಟರಿಗೆ ಬನ್ನಿ. ನಾನೇ, ಅಂತ ಅಕ್ಕನ ದನಿ. ನಿಮಗೇನಾಗ್ಬೇಕು ಇವರು? ಏನೂ ಆಗ್ಬೇಕಿಲ್ಲ, ನನ್ನ ಅಂಗಡಿ ಬಾಗಿಲಲ್ಲಿ ಮಲಗ್ತಾಳೆ, ಅಷ್ಟು ಸಾಲದಾ. ಸಂಬಂಧ ಹೇಳ್ಬೇಕಮ್ಮಾ. ಹಾಗಾದ್ರೆ ತಂಗಿ, ನಡೀರಿ — ನೀಲಿ ಚಪ್ಪಲಿ ಅಲುಗಿತು, ನಾನು ಕಿರುಚಿದೆನೋ ಏನೋ, ಪರದೆಯ ಸಂದಿಯಲ್ಲಿ ಅಕ್ಕನ ಮುಖ, ಎಲ್ಲಿಗೂ ಓಡಿ ಹೋಗಲ್ಲ ಕಣೇ, ನೋಡು, ಚಪ್ಪಲಿ ಇಲ್ಲೇ ಬಿಟ್ಟಿದ್ದೀನಿ, ನನ್ನ ಆಸ್ತಿಯೆಲ್ಲ ಇದೇ, ಕಾಯ್ತಿರು, ಡಾಕ್ಟರಿಗೆ ಇದ್ದದ್ದು ಹೇಳಿಬಿಡು. ಒಡೆದ ಹಿಮ್ಮಡಿಯ ಎರಡು ಬರಿಗಾಲು ದೂರ ಹೋದವು. ತಲೆ ಸವರಲಿಲ್ಲ, ಅದು ಒಳ್ಳೆಯದು, ಸವರಲಿಲ್ಲ — ಆದರೆ ಪಟ್ಟಿ ಕಿತ್ತ ಚಪ್ಪಲಿ, ಯಾರು ಬೇಕಾದರೂ ಬಿಟ್ಟುಹೋಗಬಹುದಾದ ಚಪ್ಪಲಿ. ಡಾಕ್ಟರಮ್ಮನ ಬೆರಳು ನಿಂಬೆಹಣ್ಣಿನ ಮೇಲೆ ಬಂದು ನಿಂತಿದೆ, ಇಲ್ಲೀ? ಇಲ್ಲ ಅಂದರೆ ಈಗಲೇ ಎದ್ದು ಅಕ್ಕನ ಹಿಂದೆ ಓಡಬಹುದು. ಇದ್ದದ್ದು ಹೇಳು ಅಂದಳಲ್ಲ. ಹೂಂ, ಎನ್ನುತ್ತೇನೆ, ನೋಯುತ್ತೆ. ಡಾಕ್ಟರಮ್ಮ ಕೂಗುವುದನ್ನು ನಿಲ್ಲಿಸಿದಳು, ನರ್ಸಿನ ಕಿವಿಯ ಹತ್ತಿರ ಏನೋ ಹೇಳಿದಳು, ಈ ಸಲ ನನಗೆ ಕೇಳಿಸಲಿಲ್ಲ, ನರ್ಸು ನನ್ನ ತಲೆ ಸವರುತ್ತಿದ್ದಾಳೆ, ಯಾಕೆ ಸವರುತ್ತಿದ್ದಾಳೆ, ನಾನು ಕೆಳಗೆ ನೋಡುತ್ತೇನೆ, ನೀಲಿ ಚಪ್ಪಲಿ, ಪಿನ್ನು ಇದೆ, ಕಾಲಿಲ್ಲ, ಪಿನ್ನು ಇದೆ, ಕಾಲಿಲ್ಲ, ಪಿನ್ನು