ತವರಿಗೆ ಹೊರಟ ಮೊಲ

ಮೊಲದ ಎಡಗಿವಿ ಇನ್ನೂ ಒಣಗಿರಲಿಲ್ಲ. ಶಿವಬಸಮ್ಮ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಅಂಗಳದಲ್ಲಿ ಪಕ್ಕದ ಮನೆಯ ಉಸ್ಮಾನ್‌ಸಾಬ್ ಎತ್ತಿನ ಹಗ್ಗ ಹಿಡಿದು ನಿಂತಿದ್ದ.

“ಬೇಟೀ, ಲಿಂಗಸುಗೂರು ಏನು ನಮ್ಮ ಹಿತ್ತಲದಾಗಿಲ್ಲ. ಈ ಕಿವಿ ಒಣಗೂದ್ರಾಗ ನನ್ನ ಮಗಳು ಅಲ್ಲೇ ಹಡದಾಳು.”

“ಚೂರು ತಡಿ ಕಾಕಾ. ಹಸೀ ಚಿತ್ರ ಸುತ್ತಿದರ ಮೊಲ ಹೋಗಿ ಬೆಕ್ಕಾಗತೈತಿ.”

ಅಣ್ಣ ಹೈದರಾಬಾದಿನಿಂದ ಬಣ್ಣದ ಬಿಲ್ಲೆಗಳ ಡಬ್ಬಿಯ ಜೊತೆ ತಂದದ್ದು ಒಂದೇ ದಪ್ಪ ಹಾಳೆ. ಯುದ್ಧ ಶುರುವಾದಾಗಿನಿಂದ ಮಸ್ಕಿಯಲ್ಲಿ ಅಂಥದು ಕಣ್ಣಿಗೂ ಬಿದ್ದಿರಲಿಲ್ಲ. ಮೊಲದ ಬಿಳುಪಿಗೆ ಬಣ್ಣವಿಲ್ಲ, ಕಾಗದವನ್ನೇ ಮುಟ್ಟದೆ ಬಿಡಬೇಕು. ಸುತ್ತ ತೆಳುವಾದ ಬೂದಿ ನೆರಳು ಹರಿಸಿದ ಮೇಲೆ ಮೊಲ ತಾನಾಗಿಯೇ ಎದ್ದು ಕೂತಿತ್ತು. ತಲೆಗೆ ಹಸಿರು ಓಢಣಿ, ಕಂಕುಳಲ್ಲಿ ಗಂಟು, ಒಂದು ಕಾಲು ಆಗಲೇ ಹೊಸ್ತಿಲಾಚೆ. ಅಜ್ಜಿ ಗ್ಯಾನಮ್ಮ ಹೇಳುತ್ತಿದ್ದ ಕಥೆಯ, ತವರಿಗೆ ಹೊರಟ ಮೊಲ. ಉಸ್ಮಾನ್‌ಸಾಬನ ಮಗಳು ಜೈನಾಬೀ, ಶಿವಬಸಮ್ಮ ಇಬ್ಬರೂ ಅಜ್ಜಿಯ ಒಂದೊಂದು ತೊಡೆ ಹಿಡಿದು ಅದನ್ನು ಕೇಳಿ ಬೆಳೆದವರು. ಪ್ರತಿ ಸಲವೂ ಜೈನಾಬೀ, “ಆಕಿ ಮಾರಿ ಹೆಂಗಿತ್ತಬೇ ಅಜ್ಜಿ?” ಎನ್ನುವಳು. “ನಿನ್ನಂಗ” ಎನ್ನುವಳು ಅಜ್ಜಿ.

ಈಗ ಜೈನಾಬೀಗೆ ಏಳು ತಿಂಗಳು. ಮೊದಲ ಹೆರಿಗೆ ತವರಿನಲ್ಲಿ. ಅವಳನ್ನು ಕರೆತರಲೆಂದೇ ಗಾಡಿ ಹೊರಟಿತ್ತು. ದಾರಿಯುದ್ದಕ್ಕೂ ಮೊಲದಲ್ಲಿ ತನ್ನದೇ ಮುಖ ನೋಡಿಕೊಂಡು ನಗುತ್ತ ಬರಲಿ ಎಂಬುದು ಶಿವಬಸಮ್ಮನ ಆಸೆ.

ಮರುದಿನ ಗಾಡಿ ಖಾಲಿ ಬಂತು.

“ನೋಡೂಣು ಅಂದ್ರು ಬೀಗತಿ,” ಎಂದ ಉಸ್ಮಾನ್‌ಸಾಬ್. “ಹೋದ ತಿಂಗಳು ಕಳಸ್ತೀನಿ ಅಂದವರು. ನಿನ್ನ ಚಿತ್ರ ಬಿಚ್ಚಿ ನೋಡಿದ್ರು, ಸುತ್ತಿದ್ರು, ಒಳಗ ಹೋದ್ರು. ಆ ಮನ್ಯಾಗ ಜೀವ ಇರೋದರ ಚಿತ್ರ ಗ್ವಾಡಿಗೆ ಹಾಕಂಗಿಲ್ಲಂತ. ನನಗೂ ಹೊಳೀಲಿಲ್ಲ ನೋಡು.”

ಶಿವಬಸಮ್ಮ ತಾನು ಬಿಡಿಸಿದ್ದನ್ನು ಮನಸ್ಸಿನಲ್ಲೇ ಮತ್ತೆ ನೋಡಿದಳು. ಗೋಡೆಯ ಮಾತು ಹಾಗಿರಲಿ, ಹೊಸ್ತಿಲು ದಾಟಿದ ಆ ಕಾಲು? ಕಿವಿಯವರೆಗೂ ಹರಡಿದ ಆ ನಗು? ಸೊಸೆಗೆ ನಮ್ಮ ಮನೆ ಸಾಕಾಗಿದೆ ಎಂದು ಯಾವ ಅತ್ತೆಗಾದರೂ ಅನಿಸದೆ ಇದ್ದೀತೇ? ಕಾಕಾ ಕಾಡಿ ಬೇಡಿ ಒಪ್ಪಿಸಿದ್ದ ಹೆಂಗಸಿನ ಮನಸ್ಸನ್ನು ಒಂದು ಮೊಲ ತಿರುಗಿಸಿತ್ತು. ಜೈನಾಬೀ ಅಲ್ಲೇ, ತಾಯಿಯ ಕೈಯಿಲ್ಲದೆ ಹೆರಬೇಕು. ಎಂಟು ದಿನ ಶಿವಬಸಮ್ಮನಿಗೆ ಅನ್ನ ರುಚಿಸಲಿಲ್ಲ. ಒಂಬತ್ತನೆಯ ದಿನ ಅಜ್ಜಿಯನ್ನು ಜೊತೆ ಮಾಡಿಕೊಂಡು ತಾನೇ ಉಸ್ಮಾನ್‌ಸಾಬನ ಗಾಡಿ ಹತ್ತಿದಳು.

ಲಿಂಗಸುಗೂರಿನಲ್ಲಿ ಬಾಗಿಲು ತೆರೆದವಳು ಜೈನಾಬೀಯ ಅತ್ತೆ ಶಂಶಾದ್‌ಬೀಯೇ. ಎಲೆಅಡಿಕೆ ಒಂದು ದವಡೆಗೆ ತಳ್ಳಿ ಕೇಳಿದಳು: “ಮೊಲದಾಕಿ ನೀನೇ ಏನು?”

“ಹೌದ್ರೀ ಅಮ್ಮಾರ. ತಪ್ಪಾತ್ರೀ. ನನ್ನ ಬೇಕಾದಷ್ಟು ಬೈಯ್ರಿ, ಜೈನಾಬೀನ್ನ ತಡೀಬ್ಯಾಡ್ರಿ.”

“ನಾ ಯಾಕ ತಡೀಲಿ? ಆಕಿ ಕಾಲು ಬಾತಿದ್ದವು. ಎಂಟು ದಿನ ಗಾಡಿ ಹತ್ತಿಸಬ್ಯಾಡ ಅಂದ್ರು ಹಕೀಮರು. ಈ ಬೀಗರ ಮುಂದ ಹೇಳಿದ್ರ ಇಲ್ಲೇ ಅಳಕೋತ ಕುಂದರತಿದ್ರು, ಅದಕ್ಕ ನೋಡೂಣು ಅಂದೆ. ಈಗ ಇಳದಾವ.”

ಉಸ್ಮಾನ್‌ಸಾಬ್ ಆಗಲೇ ಹೆಗಲ ಮೇಲಿನ ವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದ.

“ಬಾ ಇಲ್ಲಿ,” ಎಂದು ಶಂಶಾದ್‌ಬೀ ಹೆಂಗಸರನ್ನು ಒಳಗೆ ಕರೆದೊಯ್ದು ತಗಡಿನ ಸಂದೂಕದ ಮುಚ್ಚಳ ಎತ್ತಿದಳು. ಒಳಮೈಯಲ್ಲಿ, ನಾಲ್ಕು ಮೂಲೆಗೂ ಗಂಜಿ ಹಚ್ಚಿ ಅಂಟಿಸಿದ ಮೊಲ. “ನಮಾಜಿನ ಮನಿ, ಗ್ವಾಡಿಗೆ ನಡಿಯಂಗಿಲ್ಲ. ಇಲ್ಲಿ ಯಾರು ನೋಡ್ತಾರ? ಆದ್ರ ಒಂದು ಮಾತು. ಹೆರಿಗಿಗೆ ಹೊಂಟಾಕಿಗೆ ಹೊಟ್ಟಿ ಎಲ್ಲೈತಿ? ನಾ ಏನು ಉಪವಾಸ ಕೆಡವೀನಿ ಆಕಿನ್ನ?”

“ಮದುವಿ ಆಗದ ಹುಡುಗಿ ಬರದಾಳವ್ವ,” ಎಂದಳು ಗ್ಯಾನಮ್ಮ, “ಹೊಟ್ಟಿ ಎಲ್ಲಿಂದ ಬಂದೀತು!”

ಪರದೆಯ ಹಿಂದೆ ಜೈನಾಬೀ ಕಿಸಕ್ಕನೆ ನಕ್ಕಳು. ಆ ನಗು ಕೇಳಿ ಶಿವಬಸಮ್ಮ ಸಂದೂಕದತ್ತ ಕೈ ಚಾಚಿದಳು.

“ತಗದು ಕೊಡ್ರಿ ಅಮ್ಮಾರ, ಹೊಟ್ಟಿ ಬರದು ಕಳಸ್ತೀನಿ.”

“ಮೊಲ ಇಲ್ಲೇ ಇರಲಿ. ನಿಮ್ಮ ಹುಡುಗೀನ್ನ ಒಯ್ಯಿರಿ.”

ಜೈನಾಬೀ ಬುರ್ಖಾ ತೊಟ್ಟು ಬರುವಷ್ಟರಲ್ಲಿ ಶಂಶಾದ್‌ಬೀ ಗಾಡಿಯ ಹುಲ್ಲಿನ ಮೇಲೆ ಎರಡು ಕೌದಿ ಹಾಸಿದ್ದಳು. ಮೊಣಕಾಲೂರಿ ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಒಂದು ಕಡೆ ಏನೋ ಚುಚ್ಚಿತು. ಕೌದಿ ಎತ್ತಿ, ಜೋಳದ ದಂಟಿನ ತುಂಡೊಂದನ್ನು ಎಳೆದು ದಾರಿಗೆ ಒಗೆದಳು. ಮತ್ತೆ ಮೊದಲಿನಿಂದ ಒತ್ತತೊಡಗಿದಳು.