ರಕ್ತದಲ್ಲಿ ಸತು

ಗಲಗಲಿಯ ಆ ಮನೆಯಲ್ಲಿ ಇಬ್ಬರು ಸೊಸೆಯಂದಿರೂ ಒಂದೇ ಸಲ ಬಸುರಾಗಿದ್ದರು. ಹಿರಿಯಳು ದಾನಮ್ಮ, ಕಿರಿಯಳು ವೈಶಾಲಿ. ಮುಧೋಳದ ದವಾಖಾನೆಗೆ ತಪಾಸಣೆಗೆ ಹೋದಾಗ ಡಾಕ್ಟರ್ ಸಂಘಮಿತ್ರಾ ಇಬ್ಬರಿಂದಲೂ ಸ್ವಲ್ಪ ಹೆಚ್ಚಿಗೆ ರಕ್ತ ತೆಗೆದುಕೊಂಡರು. ಬಸುರಿಯರ ರಕ್ತದಲ್ಲಿ ಸತು, ತಾಮ್ರ ಎಷ್ಟಿರುತ್ತವೆ, ಆರಾಮಿದ್ದವರಿಗೂ ತೊಂದರೆಯಾದವರಿಗೂ ಏನು ಫರಕು ಎಂದು ಅವರು ಅಭ್ಯಾಸ ಮಾಡುತ್ತಿದ್ದರು.

"ಒಂದ ಮನ್ಯಾಗ ಉಣ್ಣವರು ಇಬ್ಬರೂ ಸಿಕ್ಕಿದ್ದು ಛಲೋ ಆತು" ಎಂದು ನಕ್ಕಿದ್ದರು.

ಎಂಟನೆಯ ತಿಂಗಳಲ್ಲಿ ವೈಶಾಲಿಯ ಕಾಲು ಬಾತವು. ಮುಖವೂ ಊದಿಕೊಂಡಿತು. ಒಂದು ಮುಂಜಾನೆ ತಲೆ ಸಿಡಿಯತೊಡಗಿತು.

"ಅತ್ತಿ, ಕಣ್ಣು ಮಂಜಾಗ್ಯಾವರಿ. ಒಲಿ ಮುಂದ ಕುಂತ ನಿಮ್ಮ ಮುಖ ಕಾಣವಲ್ದು."

ಅತ್ತೆ ಸಾವಿತ್ರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಸುರಿಗೆ ತಲಿ ನೋಯೂದು ಹೊಸಾದೇನು? ಸ್ವಲ್ಪ ಮಲಕೋ ಹೋಗು."

ವೈಶಾಲಿ ಗಂಡನಿಗೆ ಫೋನ್ ಮಾಡಿದಳು. ಬಸವಕುಮಾರ ಕಬ್ಬಿನ ಟ್ರ್ಯಾಕ್ಟರ್ ತೆಗೆದುಕೊಂಡು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗಿ ಸಾಲಿನಲ್ಲಿ ನಿಂತಿದ್ದ.

"ಪಾಳಿ ಬಿಟ್ಟು ಹ್ಯಾಂಗ ಬರ್ಲಿ? ನಾಳೆ ಹೋಗೂಣು" ಎಂದ.

ದಾನಮ್ಮ ಬಾಗಿಲಲ್ಲಿ ನಿಂತು, "ಯಾರದರ ಗಾಡಿ ಕರಸೂಣೇನ್ರಿ ಅತ್ತಿ?" ಎಂದಳು. ಅತ್ತೆ ಕಣ್ಣೆತ್ತಿ ನೋಡಿದ ಕೂಡಲೇ ಬಾಗಿಲಿಂದ ಸರಿದಳು.

ಸಂಜೆಗೆ ವೈಶಾಲಿಗೆ ಫಿಟ್ಸ್ ಬಂತು. ಆಗ ಓಣಿಯವರೇ ಗಾಡಿ ತಂದು ಮುಧೋಳಕ್ಕೆ ಸಾಗಿಸಿದರು. ಅವಳು ಉಳಿದಳು. ಹೊಟ್ಟೆಯಲ್ಲಿದ್ದ ಹೆಣ್ಣುಕೂಸು ಉಳಿಯಲಿಲ್ಲ. ಹದಿನೈದು ದಿನಕ್ಕೆ ದಾನಮ್ಮ ಗಂಡು ಹಡೆದಳು. ಅದೇ ಮನೆಯಲ್ಲಿ ಬಾಣಂತಿಗೆ ಕಾಯಿಸಿದ ನೀರಿನ ಹೊಗೆ, ಕೂಸಿನ ಅಳು. ವೈಶಾಲಿ ಹಾಲು ಬತ್ತಲೆಂದು ಎದೆಗೆ ಬಟ್ಟೆ ಬಿಗಿದುಕೊಂಡು ಒಳಕೋಣೆಯಲ್ಲಿ ಕೂತಿರುತ್ತಿದ್ದಳು.

ಮತ್ತೆ ತಪಾಸಣೆಗೆ ಹೋದ ದಿನ ಸಂಘಮಿತ್ರಾ ವೈಶಾಲಿಯನ್ನೂ ಅವಳ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡರು.

"ವೈಶಾಲಿ ರಕ್ತದಾಗ ಸತು ಕಡಿಮಿ ಐತ್ರಿ. ಇಂಥಾ ತೊಂದ್ರಿ ಆದ ಭಾಳ ಮಂದ್ಯಾಗ ಹಿಂಗ ಕಾಣಸ್ತೈತಿ. ಆದ್ರ ಅದರಿಂದನ ಹಿಂಗಾತು ಅಂತ ಹೇಳಾಕ ಬರೂದಿಲ್ಲ. ಬಿ.ಪಿ. ಏರಿತ್ತು. ಅವತ್ತ ಮುಂಜಾನಿನ ಕರ್ಕೊಂಡ ಬಂದಿದ್ರ ಕೂಸು ಉಳೀತಿತ್ತೇನೋ."

ಸಾವಿತ್ರೆವ್ವ ಮೊದಲನೆಯ ಮಾತನ್ನಷ್ಟೇ ಊರಿಗೆ ಒಯ್ದಳು. ಡಾಕ್ಟರರು ಲೋಹಕ್ಕೆ ಅಂದ 'ಸತು' ಅವಳ ಬಾಯಲ್ಲಿ 'ಸತುವ', ಅಂದರೆ ಕಸುವು, ಆಯಿತು. "ನಮ್ಮ ಸಣ್ಣ ಸೊಸಿ ರಕ್ತದಾಗ ಸತುವ ಇಲ್ಲಂತ. ಡಾಕ್ಟರ್ ಬಾಯಿಲೇನ ಅಂದಾರ. ಒಂದ ಗಡಿಗ್ಯಾಗಿನ ಅನ್ನ ಉಂಡು ದೊಡ್ಡಾಕಿ ಹಡದಿಲ್ಲೇನು?"

ಕೂಸಿಗೆ ಹೆಸರಿಡುವ ದಿನ ಬೀಗರೆಲ್ಲ ಬಂದಿದ್ದರು. ವೈಶಾಲಿಯ ಕೂಸು ಯಾಕೆ ಉಳಿಯಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ ಬಸವಕುಮಾರನೇ ಹೇಳಿದ: "ಏನ್ ಮಾಡೂದ್ರಿ, ಅಕಿ ರಕ್ತನ ಹಂಗೈತಿ."

ಚಹಾ ಕೊಡುತ್ತಿದ್ದ ವೈಶಾಲಿ ತಾಟನ್ನು ನೆಲಕ್ಕಿಟ್ಟಳು.

"ರಕ್ತ ಅಲ್ರಿ. ಕಣ್ಣು ಕಾಣವಲ್ದು ಅಂತ ಮುಂಜಾನಿಂದ ಒದರೀನಿ. ನಿಮ್ಮವ್ವ ರೊಟ್ಟಿ ಬಿಟ್ಟು ಏಳಲಿಲ್ಲ. ನೀವು ಪಾಳಿ ಬಿಟ್ಟು ಬರಲಿಲ್ಲ."

ದಾನಮ್ಮ ಕೂಸಿನ ಕುಲಾವಿ ಸರಿಪಡಿಸುತ್ತ ತಲೆ ಬಗ್ಗಿಸಿದಳು. ಆಮೇಲೆ ಒಬ್ಬ ಮುದುಕಿ, "ಆತ ಬಿಡವ್ವಾ, ಚಹಾ ಆರತೈತಿ" ಎಂದಳು. ಎಲ್ಲರೂ ಬಸಿ ಎತ್ತಿಕೊಂಡರು.

ಬೀಗರು ಹೋದ ಮೇಲೆ ಬಸವಕುಮಾರ, "ಮಂದಿ ಮುಂದ ಮಾನ ಕಳದಿ" ಎಂದ. ಮರುದಿನ ವೈಶಾಲಿ ಬೀಳಗಿಯ ಬಸ್ಸು ಹತ್ತಿ ತವರಿಗೆ ಹೋದಳು. ಯಾರೂ ತಡೆಯಲಿಲ್ಲ.

ತಿಂಗಳೊಪ್ಪತ್ತಿನ ಮೇಲೆ ಅವನ ಫೋನ್ ಬಂತು. ದನಿ ಮೆತ್ತಗಿತ್ತು. "ಸತುವಿನ ಗುಳಿಗಿ ತಂದಿಟ್ಟೇನಿ. ನುಂಗಿದ್ರ ಮುಂದಿನ ಸಲ ಎಲ್ಲಾ ಸರಿ ಆಗತೈತಿ. ಬಂದ ಬಿಡು."

"ಗುಳಿಗಿ ಬೇಕಾದ್ರ ಡಾಕ್ಟರ್ ಕೊಡ್ತಾರ. ಅವತ್ತ ಯಾಕ ಬರಲಿಲ್ಲ, ಅದನ್ನ ಹೇಳ್ರಿ."

ಆ ಕಡೆ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಫೋನ್ ಕಟ್ಟಾಯಿತು. ಆಮೇಲೆ ಅವನು ಮಾಡಲಿಲ್ಲ. ಅವಳು ಇನ್ನೂ ಬೀಳಗಿಯಲ್ಲೇ ಇದ್ದಾಳೆ.